ಒಂದೇ ಮಣ್ಣಿನ ಎರಡು ಕೆಂಪು

ನಾನು ಓದಿದ್ದು ಅಡಿಕೆಯ ದುಡ್ಡಿನಲ್ಲಿ. ಹಾಗಲವಾಡಿಯಿಂದ ತುಮಕೂರಿನ ಕಾಲೇಜಿಗೆ, ಅಲ್ಲಿಂದ ಮುಂದೆ ರಸಾಯನಶಾಸ್ತ್ರದ ಎಂ.ಎಸ್ಸಿ.ಗೆ ಕಟ್ಟಿದ ಫೀಜೆಲ್ಲ ತೋಟದ ಅಡಿಕೆ ಮಾರಿದ ಹಣ ಕೈಗೆ ಬಂದ ಮೇಲೆ ಕಟ್ಟಿದ್ದು. ಈಗ ಅದೇ ರಸಾಯನಶಾಸ್ತ್ರವನ್ನು ಪಾಠ ಹೇಳಿ ಬದುಕುತ್ತೇನೆ. ಗಿಡಗಳಲ್ಲಿರುವ ಆಂಟಿಆಕ್ಸಿಡೆಂಟ್‌ಗಳ ವಿಷಯಕ್ಕೆ ಬಂದಾಗ ತರಗತಿಯಲ್ಲಿ ನನ್ನ ದನಿ ಏರುತ್ತದೆ. ರಾಗಿಯ ಸಿಪ್ಪೆಯಲ್ಲಿ ಪಾಲಿಫಿನಾಲ್, ಹಲಸಿನ ತೊಳೆಯಲ್ಲಿ ಕೆರೊಟಿನಾಯ್ಡ್, ನುಗ್ಗೆ ಸೊಪ್ಪಿನಲ್ಲಿ ಕ್ವರ್ಸೆಟಿನ್ ಎಂದು ಹೇಳುತ್ತಾ ಹೋದಂತೆ ನಮ್ಮ ಕಡೆಯ ಒಣ ಹೊಲಗಳಿಗೆಲ್ಲ ಮರ್ಯಾದೆ ಸಿಕ್ಕಿತು ಎಂಬ ಹಿಗ್ಗು ಬರುತ್ತದೆ. ಆ ಹಿಗ್ಗಿನಲ್ಲಿ ವಿಜ್ಞಾನದ ಪಾಲೆಷ್ಟು, ನನ್ನ ಒಳಗಿನ ಬೇಡಿಕೆಯ ಪಾಲೆಷ್ಟು ಎಂದು ಬಿಡಿಸಿ ನೋಡಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ಯಾಕೆಂದರೆ ಆ ಪಟ್ಟಿ ಹೇಳುವಾಗ ನಾನು ಅಡಿಕೆಯ ಹೆಸರು ತೆಗೆಯುವುದಿಲ್ಲ. ಪಾಲಿಫಿನಾಲ್‌ನ ಲೆಕ್ಕವನ್ನೇ ಹಿಡಿದರೆ ನಮ್ಮ ಹೊಲ ತೋಟಗಳ ಬೆಳೆಗಳಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲಬೇಕಾದ್ದು ಅದೇ.

ಹಾಗಲವಾಡಿ ಒಂದು ಕಾಲಕ್ಕೆ ಪಾಳೆಯಗಾರರ ಊರು. ಈಗ ಗುಬ್ಬಿ ತಾಲ್ಲೂಕಿನ ಒಂದು ಹೋಬಳಿ. ಮಳೆ ನಂಬಿದ ಭೂಮಿ. ನಮ್ಮ ಅಜ್ಜಿಯ ಕಾಲದಲ್ಲಿ ತೋಟ ಎಂದರೆ ಕೆರೆ ಹಿಂದಿನ ಒಂದಷ್ಟು ಜಾಗ, ಉಳಿದದ್ದೆಲ್ಲ ರಾಗಿ, ಅದರೊಳಗೆ ಅಕ್ಕಡಿ ಸಾಲು. ಬೋರ್‌ವೆಲ್ ಬಂದ ಮೇಲೆ ತೋಟ ಕೆರೆಯ ಬೆನ್ನು ಬಿಟ್ಟು ಏರಿ ಹತ್ತಿ ಬಂತು. ತೆಂಗಿನ ನಡುವೆ ಅಡಿಕೆ, ಆಮೇಲೆ ಬರೀ ಅಡಿಕೆ. ಸಾಲ ತೀರಿದ್ದು, ಮನೆಗೆ ತಾರಸಿ ಬಿದ್ದದ್ದು, ಹೆಣ್ಣುಮಗಳು ತುಮಕೂರಿನ ಹಾಸ್ಟೆಲಿನಲ್ಲಿ ಇದ್ದು ಓದಿದ್ದು ಎಲ್ಲವೂ ಆ ಗೊನೆಗಳಿಂದ. ಅಡಿಕೆಯ ಬಗ್ಗೆ ಯಾರಾದರೂ ಕೆಟ್ಟ ಮಾತಾಡಿದರೆ ನನಗೆ ಇವತ್ತಿಗೂ ನಮ್ಮಪ್ಪನನ್ನು ಅಂದ ಹಾಗೆ ಆಗುತ್ತದೆ.

ಸುಗ್ಗಿಯ ದಿನಗಳಲ್ಲಿ ನಮ್ಮ ಹಿತ್ತಲಿನಲ್ಲಿ ದೊಡ್ಡ ಹಂಡೆ ಇಳಿಯುವುದೇ ಇರಲಿಲ್ಲ. ನಮ್ಮ ಕಡೆ ಕೆಂಪಡಿಕೆ ಮಾಡುವುದರಿಂದ ಗೊನೆಯನ್ನು ಹಸಿರಾಗಿರುವಾಗಲೇ ಇಳಿಸಬೇಕು. ಹೆಂಗಸರು ಸುತ್ತ ಕೂತು ಸುಲಿಯುತ್ತಾರೆ. ಸುಲಿದ ಹಸಿ ಅಡಿಕೆಯನ್ನು ಕುದಿಯುವ ನೀರಿಗೆ ಸುರಿಯುತ್ತಾರೆ. ಮೊದಲ ಸಲ ಬೇಯಿಸಿದಾಗ ನೀರು ತಿಳಿಗೆಂಪಾಗುತ್ತದೆ. ಆ ನೀರನ್ನು ಚೆಲ್ಲುವುದಿಲ್ಲ, ಮುಂದಿನ ಅಡಿಕೆಯೂ ಅದರಲ್ಲೇ ಬೇಯುತ್ತದೆ. ಹೊತ್ತು ಮುಳುಗುವ ಹೊತ್ತಿಗೆ ಅದು ಸೌಟಿನಿಂದ ದಾರ ಇಳಿಯುವಷ್ಟು ಗಟ್ಟಿಯಾಗಿ, ಕೆಂಪು ಕಪ್ಪಿಗೆ ತಿರುಗಿರುತ್ತದೆ. ಅದೇ ಚೊಗರು. ಬೆಂದ ಅಡಿಕೆಗೆ ಅದನ್ನು ಹಿಡಿಸಿ ಒಣಗಿಸಿದರೆ ಹೊಳಪು ಬರುತ್ತದೆ, ಮಂಡಿಯಲ್ಲಿ ಬೆಲೆ ಏರುತ್ತದೆ. ಸುಲಿಯುವ ಹೆಂಗಸರ ಬೆರಳ ಸಂದಿಗೆ ಹತ್ತಿದ ಕಪ್ಪು ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ, ಚರ್ಮ ಸುಲಿದು ಹೊಸದು ಬಂದ ಮೇಲೆಯೇ ಹೋಗುತ್ತಿತ್ತು.

ಎಂ.ಎಸ್ಸಿ. ಓದುವಾಗ ಆ ಹಂಡೆಯಲ್ಲಿ ಏನಿತ್ತು ಎಂದು ತಿಳಿಯಿತು. ಟ್ಯಾನಿನ್, ಕೆಟೆಚಿನ್, ಅವು ಒಂದಕ್ಕೊಂದು ಕೊಂಡಿ ಹಾಕಿಕೊಂಡ ದೊಡ್ಡ ಅಣುಗಳು. ಗ್ರೀನ್ ಟೀ ಡಬ್ಬಿಯ ಮೇಲೆ ಯಾವುದರ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೋ ಅದೇ ವಂಶದವು. ಎಳೆಗಾಯಲ್ಲಿ ಇವು ಹೆಚ್ಚು, ಕಾಯಿ ಹಣ್ಣಾಗುತ್ತಾ ಬಂದಂತೆ ಕಡಿಮೆ. ಬೇಯಿಸಿದಾಗ ಒಂದಷ್ಟು ನೀರಿಗೆ ಬಿಡುತ್ತವೆ. ಪ್ರಯೋಗಾಲಯದಲ್ಲಿ ಅಡಿಕೆಯ ಸಾರವನ್ನು ಆಂಟಿಆಕ್ಸಿಡೆಂಟ್ ಪರೀಕ್ಷೆಗೆ ಇಟ್ಟರೆ ಒಳ್ಳೆಯ ಅಂಕ ಬರುತ್ತದೆ. ಅದನ್ನು ಓದಿದ ದಿನ ನನಗೆ ಆದ ಸಮಾಧಾನ ದೊಡ್ಡದು. ನಮ್ಮ ಮನೆಯ ಅನ್ನಕ್ಕೆ ವಿಜ್ಞಾನವೇ ಅಕ್ಷತೆ ಹಾಕಿತು ಎಂದುಕೊಂಡೆ. ಆ ಸಮಾಧಾನವನ್ನೇ ಈಗ ನೋಡಬೇಕಾಗಿದೆ.

ನಾವು ಎಳೆದುಕೊಂಡ ಆಮ್ಲಜನಕದಲ್ಲಿ ಬಹುಪಾಲು ಜೀವಕೋಶದೊಳಗೆ ನೀರಾಗಿ ಮುಗಿಯುತ್ತದೆ. ಒಂದು ಸಣ್ಣ ಪಾಲು ಮಾತ್ರ ಅರ್ಧದಾರಿಯಲ್ಲಿ ಉಳಿದು, ಎಲೆಕ್ಟ್ರಾನಿನ ಜೊತೆ ತಪ್ಪಿದ ಚುರುಕು ಕಣಗಳಾಗುತ್ತದೆ. ಫ್ರೀ ರ‍್ಯಾಡಿಕಲ್ ಎನ್ನುವುದು ಇವುಗಳನ್ನೇ. ಕೊಬ್ಬು, ಪ್ರೋಟೀನು, ಡಿಎನ್‌ಎ ಯಾವುದು ಹತ್ತಿರ ಸಿಕ್ಕರೂ ಅದರಿಂದ ಎಲೆಕ್ಟ್ರಾನ್ ಕಿತ್ತು ಕೆಡಿಸುತ್ತವೆ. 1956ರಲ್ಲಿ ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್ ಎಂಬ ವಿಜ್ಞಾನಿ ಮುಪ್ಪಿಗೂ ಇದೇ ಕಾರಣ ಎಂಬ ವಾದ ಮುಂದಿಟ್ಟರು. ಅಲ್ಲಿಂದ ಮುಂದಿನ ಹೆಜ್ಜೆ ಬಹಳ ಸುಲಭದ್ದಾಗಿ ಕಂಡಿತು. ತನ್ನ ಎಲೆಕ್ಟ್ರಾನನ್ನು ತಾನೇ ಕೊಟ್ಟು ಆ ಕಣಗಳನ್ನು ಸುಮ್ಮನಾಗಿಸುವ ವಸ್ತುವನ್ನು ತಿಂದರೆ ಕಾಯಿಲೆಯೂ ದೂರ, ಮುಪ್ಪೂ ದೂರ. ಗಿಡಗಳಲ್ಲಿ ಅಂಥವು ಬೇಕಾದಷ್ಟಿವೆ. ಬಿಸಿಲಿನ ಹೊಡೆತಕ್ಕೆ, ಹುಳುವಿಗೆ, ಬೂಷ್ಟಿಗೆ ಎಂದು ಗಿಡ ಅವನ್ನು ತನಗಾಗಿ ಮಾಡಿಕೊಂಡಿರುತ್ತದೆ.

ಅಡುಗೆಮನೆಯಲ್ಲಿ ಇದರ ಇನ್ನೊಂದು ಮುಖ ದಿನಾ ಕಾಣುತ್ತದೆ. ಬದನೆಕಾಯಿ ಹೆಚ್ಚಿ ನೀರಿಗೆ ಹಾಕದೆ ಬಿಟ್ಟರೆ ಕಪ್ಪಾಗುತ್ತದಲ್ಲ, ಅಲ್ಲಿ ಕಪ್ಪಾಗುವುದು ಅದರ ಪಾಲಿಫಿನಾಲ್‌ಗಳೇ. ಎಲೆಕ್ಟ್ರಾನ್ ಕೊಟ್ಟದ್ದು ತಾನು ಬೇರೆಯೊಂದಾಗುತ್ತದೆ. ಕೊಟ್ಟ ಮೇಲೆ ಏನಾಗುತ್ತದೆ, ಎಲ್ಲಿ ಕೊಟ್ಟಿತು, ಪಕ್ಕದಲ್ಲಿ ಯಾರಿದ್ದರು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಗಾಜಿನ ನಳಿಕೆಯ ಪರೀಕ್ಷೆ ಈ ಪ್ರಶ್ನೆಗಳನ್ನು ಕೇಳುವುದೇ ಇಲ್ಲ. ಆಹಾರಗಳ ಆಂಟಿಆಕ್ಸಿಡೆಂಟ್ ಶಕ್ತಿಗೆ ಅಂಕ ಕೊಟ್ಟು ಅಮೆರಿಕದ ಕೃಷಿ ಇಲಾಖೆ ಒಂದು ದೊಡ್ಡ ಪಟ್ಟಿಯನ್ನೇ ಮಾಡಿತ್ತು. 2012ರಲ್ಲಿ ಅದನ್ನು ತಾನೇ ಹಿಂದಕ್ಕೆ ತೆಗೆದುಕೊಂಡಿತು. ಆ ಅಂಕಗಳಿಗೂ ಮನುಷ್ಯರ ಆರೋಗ್ಯಕ್ಕೂ ನೇರ ಸಂಬಂಧ ತೋರಿಸಲಾಗಲಿಲ್ಲ, ವ್ಯಾಪಾರಿಗಳು ಮಾತ್ರ ಅವನ್ನು ಚೆನ್ನಾಗಿ ಬಳಸಿಕೊಂಡರು.

ಇನ್ನೂ ಗಂಭೀರವಾದದ್ದು ಫಿನ್ಲೆಂಡಿನಲ್ಲಿ ನಡೆಯಿತು. ಬೀಡಿ ಸಿಗರೇಟು ಸೇದುವವರಲ್ಲೂ ತರಕಾರಿ ಹಣ್ಣು ಹೆಚ್ಚು ತಿನ್ನುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಕಂಡಿತ್ತು, ಅಂಥವರ ರಕ್ತದಲ್ಲಿ ಬೀಟಾ ಕೆರೊಟಿನ್ ಹೆಚ್ಚಿರುವುದೂ ಕಂಡಿತ್ತು. ಹಾಗಾದರೆ ಅದನ್ನೇ ಮಾತ್ರೆಯಾಗಿ ಕೊಟ್ಟರಾಯಿತು ಎಂದು 29,133 ಮಂದಿ ಧೂಮಪಾನಿ ಗಂಡಸರನ್ನು ಸೇರಿಸಿಕೊಂಡು, ಒಂದು ಪಾಲಿನವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೊಟಿನ್ ಕೊಟ್ಟು ವರ್ಷಗಟ್ಟಲೆ ನೋಡಿದರು. 1994ರಲ್ಲಿ ಬಂದ ಫಲಿತಾಂಶದಲ್ಲಿ ಮಾತ್ರೆ ತಿಂದವರಿಗೇ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ 18,314 ಮಂದಿಯ ಮೇಲೆ ನಡೆಯುತ್ತಿದ್ದ ಇನ್ನೊಂದು ಪ್ರಯೋಗವನ್ನು 1996ರ ಜನವರಿಯಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅಲ್ಲಿ ಹೆಚ್ಚಳ ಶೇ 28. ತರಕಾರಿ ತಿಂದವರನ್ನು ಕಾಪಾಡಿದ್ದು ಬೀಟಾ ಕೆರೊಟಿನ್ ಒಂದೇ ಆಗಿರಲಿಲ್ಲ. ಹೊಗೆ ತುಂಬಿದ ಶ್ವಾಸಕೋಶದಲ್ಲಿ ಅಷ್ಟು ದೊಡ್ಡ ಪ್ರಮಾಣದ ಬೀಟಾ ಕೆರೊಟಿನ್ ತಾನೇ ಉತ್ಕರ್ಷಣೆಗೊಂಡು ಕೆಡುಕಿಗೆ ತಿರುಗುತ್ತದೆ ಎಂಬುದು ವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆ.

ಇಷ್ಟನ್ನು ನಾನು ತರಗತಿಯಲ್ಲಿ ಹೇಳುತ್ತೇನೆ. ಫಿನ್ಲೆಂಡಿನ ಕತೆ ಹೇಳುವಾಗ ನನ್ನ ನಾಲಿಗೆ ತಡವರಿಸುವುದಿಲ್ಲ. ದೂರದ ದೇಶ, ದೂರದ ಮಾತ್ರೆ. ಹಾಗಲವಾಡಿಯ ಹಂಡೆಯ ಮಾತು ಬಂದಾಗ ಮಾತ್ರ ಪಾಠ ನಿಲ್ಲುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದ ವರದಿ 2004ರದ್ದು. ತಂಬಾಕು ಸೇರಿದ ಎಲೆಯಡಿಕೆಯನ್ನು 1980ರ ದಶಕದಲ್ಲೇ ಸೇರಿಸಿದ್ದರು. ಎರಡನೆಯ ಸಲ ಸೇರಿದ್ದು ತಂಬಾಕಿಲ್ಲದ ಎಲೆಯಡಿಕೆ ಮತ್ತು ಬರಿಯ ಅಡಿಕೆ. ಅದನ್ನು ನಾನು ಓದಿದ ಬಗೆಯನ್ನು ಇಲ್ಲಿ ಹೇಳಲೇಬೇಕು. ಬೇರೆ ಯಾವ ವರದಿಯನ್ನೂ ಓದದಷ್ಟು ನಿಧಾನವಾಗಿ, ಪುಟ ಪುಟಕ್ಕೂ ಸಂದು ಹುಡುಕುತ್ತಾ ಓದಿದೆ. ಅಧ್ಯಯನ ಎಲ್ಲಿಯದು, ತೈವಾನಿನ ಅಡಿಕೆ ನಮ್ಮ ಅಡಿಕೆಯಂತೆಯೇ ಏನು, ಅಲ್ಲಿಯವರು ಎಳೆಗಾಯನ್ನೇ ಅಗಿಯುತ್ತಾರಲ್ಲ, ಲೆಕ್ಕದಲ್ಲಿ ಕದ್ದುಮುಚ್ಚಿ ತಂಬಾಕು ತಿಂದವರೂ ಸೇರಿರಬಹುದಲ್ಲ. ಕೇಳಬಾರದ ಪ್ರಶ್ನೆಗಳಲ್ಲ ಅವು, ವಿಜ್ಞಾನ ಬಲ್ಲವರು ಕೇಳಬೇಕಾದವೇ. ಆದರೆ ರಾಗಿಯ ಪಾಲಿಫಿನಾಲ್ ಒಳ್ಳೆಯದು ಎಂದು ಯಾರಾದರೂ ಬರೆದಾಗ ಈ ಒಂದು ಪ್ರಶ್ನೆಯೂ ನನಗೆ ಹೊಳೆದಿರಲಿಲ್ಲ. ನನಗೆ ಬೇಕಾದ ಉತ್ತರಕ್ಕೆ ಬಾಗಿಲು ಅಗಲ, ಬೇಡದ ಉತ್ತರಕ್ಕೆ ಕಿಂಡಿ. ನನ್ನೊಳಗೆ ಕೂತು ಓದುತ್ತಿದ್ದವಳು ರಸಾಯನಶಾಸ್ತ್ರದ ಮೇಷ್ಟ್ರಲ್ಲ, ತೋಟದ ಮನೆಯ ಮಗಳು.

ಅಡಿಕೆಯ ಕೆಡುಕಿನಲ್ಲಿ ಅದರ ಅರೆಕೊಲಿನ್ ಎಂಬ ಆಲ್ಕಲಾಯ್ಡ್‌ನ ಪಾತ್ರ ದೊಡ್ಡದು. ಅದರಿಂದ ಕ್ಯಾನ್ಸರ್‌ಕಾರಕ ನೈಟ್ರೋಸಮೀನುಗಳು ಹುಟ್ಟುತ್ತವೆ. ನನ್ನನ್ನು ಅದಕ್ಕಿಂತ ಹೆಚ್ಚು ಕಾಡಿದ್ದು ಪಾಲಿಫಿನಾಲ್‌ಗಳ ಪಾತ್ರ. ಎಲೆಗೆ ಸುಣ್ಣ ಸವರಿದ ತಕ್ಷಣ ಬಾಯಿಯ ರಸ ಕ್ಷಾರವಾಗುತ್ತದೆ. ಆ ಕ್ಷಾರದಲ್ಲಿ ಅಡಿಕೆಯ ಕೆಟೆಚಿನ್‌ಗಳು ತಾವೇ ಗಾಳಿಯ ಆಮ್ಲಜನಕದೊಂದಿಗೆ ವರ್ತಿಸಿ ಸೂಪರಾಕ್ಸೈಡನ್ನೂ ಹೈಡ್ರೋಜನ್ ಪೆರಾಕ್ಸೈಡನ್ನೂ ಹುಟ್ಟಿಸುತ್ತವೆ. ಅಂದರೆ ಯಾವ ಕಣಗಳನ್ನು ಸುಮ್ಮನಾಗಿಸುತ್ತದೆ ಎಂದು ನಳಿಕೆಯಲ್ಲಿ ಅಂಕ ಪಡೆದಿತ್ತೋ ಅದೇ ಕಣಗಳನ್ನು ಬಾಯೊಳಗೆ ತಯಾರಿಸಿ ಕೊಡುತ್ತದೆ. ಅಣು ಅದೇ, ಅದು ಬದಲಾಗಲಿಲ್ಲ. ಪಕ್ಕಕ್ಕೆ ಸುಣ್ಣ ಬಂತು ಅಷ್ಟೆ.

ಟ್ಯಾನಿನ್ ಇನ್ನೂ ಒಂದು ಕೆಲಸ ಮಾಡುತ್ತದೆ. ನಮ್ಮ ಬಯಲಿನ ತಂಗಡಿ ಗಿಡದ ತೊಗಟೆಯಿಂದ ಹಿಂದೆ ಚರ್ಮ ಹದ ಮಾಡುತ್ತಿದ್ದರು. ತೊಗಟೆಯ ಟ್ಯಾನಿನ್ ಚರ್ಮದ ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬಿಗಿದು ಕೊಳೆಯದ ಹಾಗೆ ಮಾಡುತ್ತದೆ. ಅಡಿಕೆ ಅಗಿಯುವ ಬಾಯಲ್ಲೂ ಅದು ಹಾಗೇ ನಡೆಯುತ್ತದೆ. ಅರೆಕೊಲಿನ್ ಒಳಪದರದಲ್ಲಿ ಕೊಲಾಜೆನ್ ಹೆಚ್ಚು ಬೆಳೆಯುವಂತೆ ಮಾಡುತ್ತದೆ, ಟ್ಯಾನಿನ್ ಆ ಎಳೆಗಳನ್ನು ದೇಹ ಕರಗಿಸಿಕೊಳ್ಳಲು ಬಿಡದಂತೆ ಬಿಗಿಯುತ್ತದೆ. ಕೆನ್ನೆಯ ಒಳಭಾಗ ಬಿಳಿಚಿಕೊಂಡು ಗಡುಸಾಗಿ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ವೈದ್ಯರು ಅದನ್ನು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಅದರಿಂದ ಮುಂದೆ ಕ್ಯಾನ್ಸರ್ ಆಗುವ ಸಂಭವವಿದೆ.

ನಮ್ಮ ಮನೆಗೆ ಅಡಿಕೆ ಸುಲಿಯಲು ಬರುತ್ತಿದ್ದವರಲ್ಲಿ ಒಬ್ಬಾಕೆಗೆ ಇದಿತ್ತು. ನಾನು ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದೆ. ಸುಲಿಯುತ್ತಾ ಸುಲಿಯುತ್ತಾ ಒಂದೊಂದು ಹೋಳು ಬಾಯಿಗೆ ಹಾಕಿಕೊಳ್ಳುವುದು ಎಲ್ಲರಿಗೂ ಇದ್ದ ಅಭ್ಯಾಸ, ಹಸಿವೂ ಗೊತ್ತಾಗುವುದಿಲ್ಲ, ನಿದ್ದೆಯೂ ಬರುವುದಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ಮುದ್ದೆಯನ್ನು ನಾವು ಮುರಿಯುವಂತೆ ಮುರಿಯುತ್ತಿರಲಿಲ್ಲ. ಕಡಲೆಕಾಳಿನಷ್ಟು ಚಿವುಟಿ, ಬೆರಳ ತುದಿಯಲ್ಲಿ ಒತ್ತಿ ಉದ್ದ ಮಾಡಿ, ಹಲ್ಲಿನ ಸಂದಿಯಿಂದ ಒಳಕ್ಕೆ ತಳ್ಳಿ, ಸಾರನ್ನು ಲೋಟದಲ್ಲಿ ಕುಡಿಯುತ್ತಿದ್ದರು. ಖಾರ ತಾಗಿದರೆ ಕಣ್ಣಲ್ಲಿ ನೀರು. ನಮ್ಮವ್ವ ಅವರಿಗೆಂದು ಸಾರಿಗೆ ಖಾರ ಬೀಳುವ ಮೊದಲೇ ಒಂದು ಬಟ್ಟಲು ತೆಗೆದಿಡುತ್ತಿದ್ದಳು. ಬಾಯಿ ಹಿಡಿದುಕೊಂಡಿದೆ, ವಾಯು ಇರಬೇಕು ಎಂದು ಎಲ್ಲರೂ ಹೇಳುತ್ತಿದ್ದರು. ಬಾಯಿಗೆ ಮೂರು ಬೆರಳು ಉದ್ದುದ್ದಕ್ಕೆ ಹೋಗುತ್ತದೆಯೇ ಎಂದು ನೋಡುವ ವೈದ್ಯರ ಅಳತೆಯನ್ನು ಪುಸ್ತಕದಲ್ಲಿ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಚಿವುಟಿದ ಮುದ್ದೆ. ನನ್ನ ಹಾಸ್ಟೆಲ್ ಫೀಜು ಸುಲಿದುಕೊಟ್ಟ ಕೈಗಳಲ್ಲಿ ಅವರವೂ ಸೇರಿದ್ದವು.

2022ರಲ್ಲಿ ಜಗತ್ತಿನಲ್ಲಿ ಕಂಡ ಸುಮಾರು 3,89,800 ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 1,20,200ಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣ ಎಂದು ಎರಡು ವರ್ಷದ ಮೇಲೆ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಬಂದ ಲೆಕ್ಕ ಹೇಳುತ್ತದೆ. ಅದರಲ್ಲಿ ಭಾರತದ ಪಾಲು 83,400. ಎಲೆಯಡಿಕೆ ಹಾಕಿಕೊಂಡೇ ಎಂಬತ್ತು ದಾಟಿದ ನಮ್ಮ ಅಜ್ಜಿಯಂಥವರು ಊರೂರಿಗೂ ಇದ್ದಾರೆ, ನಿಜ. ತಾಂಬೂಲವಿಲ್ಲದೆ ನಮ್ಮಲ್ಲಿ ಒಂದು ಮದುವೆ ಮಾತುಕತೆ ನಡೆಯುವುದಿಲ್ಲ, ಅದೂ ನಿಜ. ನಮ್ಮ ಕಡೆ ಗೊನೆ ಇಳಿಸುವವರಿಂದ ಹಿಡಿದು ಮಂಡಿಯವರ ತನಕ ಎಲ್ಲರ ಬಾಯಲ್ಲೂ ಇರುವ ಮಾತು ಒಂದೇ: ತಪ್ಪು ತಂಬಾಕಿನದು, ಅಡಿಕೆಯದಲ್ಲ. ನನ್ನ ಹೃದಯವೂ ಅದನ್ನೇ ಹೇಳಬಯಸುತ್ತದೆ. ಓದಿದ ಬುದ್ಧಿ ಒಪ್ಪುವುದಿಲ್ಲ.

ನಮ್ಮದೇ ತಾಲ್ಲೂಕಿನಲ್ಲಿ ಇನ್ನೊಂದು ಕೆಂಪಿದೆ. ಪಕ್ಕದ ಹೋಬಳಿ ಚೇಳೂರಿನಲ್ಲಿ ಎಸ್.ಕೆ. ಸಿದ್ದಪ್ಪನವರು ನೆಟ್ಟ ಒಂದು ಹಲಸಿನ ಮರದ ತೊಳೆ ತಾಮ್ರದ ಹಾಗೆ ಕೆಂಪು. ಅವರ ಮಗ ಎಸ್.ಎಸ್. ಪರಮೇಶ ಅದನ್ನು ಕಾಪಾಡಿಕೊಂಡು ಬಂದರು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ಪರೀಕ್ಷಿಸಿ, ಸಿದ್ದಪ್ಪನವರ ಹೆಸರಿನಿಂದಲೇ ‘ಸಿದ್ದು’ ಎಂದು ಕರೆದು, ಕಸಿ ಗಿಡಗಳು ರೈತರಿಗೆ ಸಿಗುವಂತೆ ಮಾಡಿತು. ಗಿಡ ಮಾರಿದ ಆದಾಯದಲ್ಲಿ ಹೆಚ್ಚಿನ ಪಾಲು ಮರ ಉಳಿಸಿದ ಮನೆಗೇ ಸೇರುವಂತೆ ಒಪ್ಪಂದವಾಯಿತು. ಹಣ್ಣು ಸರಾಸರಿ ಎರಡೂವರೆ ಕೆ.ಜಿ.ಯ ಆಚೀಚೆ, ಒಂದು ಸಂಸಾರ ಒಂದೇ ಹೊತ್ತಿಗೆ ತಿಂದು ಮುಗಿಸುವಷ್ಟು. ಅದರ ಕೆಂಪಿಗೆ ಕಾರಣ ಲೈಕೋಪೀನ್ ಮತ್ತು ಅದರ ದಾಯಾದಿ ಕೆರೊಟಿನಾಯ್ಡ್‌ಗಳು. ಟೊಮೆಟೊ ಕೆಂಪಾಗುವುದೂ ಲೈಕೋಪೀನಿನಿಂದಲೇ. ಸಾಮಾನ್ಯ ಹಳದಿ ಹಲಸಿಗಿಂತ ಸಿದ್ದುವಿನಲ್ಲಿ ಇದು ಬಹಳ ಹೆಚ್ಚು. ಚೇಳೂರಿನ ಈ ಮರದ ಸುದ್ದಿ ಪತ್ರಿಕೆಯಲ್ಲಿ ಬಂದಾಗ ನಾನು ಅದನ್ನು ಕತ್ತರಿಸಿ ತರಗತಿಗೆ ತೆಗೆದುಕೊಂಡು ಹೋಗಿದ್ದೆ.

ಆಮೇಲೆ ಓದಿದ ಒಂದು ಅಧ್ಯಯನದಲ್ಲಿ ಈ ಎರಡು ಕೆಂಪೂ ಒಂದೇ ಬಾಯಲ್ಲಿ ಸೇರಿದವು. ಬೆಳಗಾವಿಯ ಕೆ.ಎಲ್.ಇ. ದಂತ ವೈದ್ಯಕೀಯ ಕಾಲೇಜಿನವರು ಅಡಿಕೆಯಿಂದ ಬಾಯಿ ಬಿಗಿದ 58 ಮಂದಿಯ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ್ದು ಅದು. ದಿನಕ್ಕೆ 16 ಮಿಲಿಗ್ರಾಂ ಲೈಕೋಪೀನನ್ನು ಎರಡು ತಿಂಗಳು ಕೊಟ್ಟಾಗ ಬಾಯಿಯ ತೆರವು ಸರಾಸರಿ 3.4 ಮಿಲಿಮೀಟರ್ ಹೆಚ್ಚಿತು. ಅದರ ಜೊತೆಗೆ ಸ್ಟೀರಾಯ್ಡ್ ಚುಚ್ಚುಮದ್ದನ್ನೂ ಕೊಟ್ಟವರಲ್ಲಿ 4.6. ಸಣ್ಣ ಅಧ್ಯಯನ. ಅಷ್ಟು ಲೈಕೋಪೀನ್ ಊಟದ ಮೇಲೆ ತಿನ್ನುವ ನಾಲ್ಕು ತೊಳೆಯಿಂದ ಬರುವುದೂ ಇಲ್ಲ, ಅಡಿಕೆ ಬಿಡದೆ ಯಾವ ಮಾತ್ರೆ ನುಂಗಿದರೂ ಉಪಯೋಗವಿಲ್ಲ. ಆದರೂ ಆ ಪುಟವನ್ನು ಓದಿ ನಾನು ಬಹಳ ಹೊತ್ತು ಮುಂದಕ್ಕೆ ಹೋಗಲಿಲ್ಲ. ಎರಡೂ ಗಿಡದ ಬಣ್ಣ, ಎರಡಕ್ಕೂ ಆಂಟಿಆಕ್ಸಿಡೆಂಟ್ ಎಂಬ ಒಂದೇ ಹೆಸರು. ಒಂದು ಕಟ್ಟಿದ ಬಾಯನ್ನು ಇನ್ನೊಂದು ಮೂರು ಮಿಲಿಮೀಟರ್ ತೆರೆಯಿತು. ಹೆಸರು ಹಿಡಿದು ಹೊರಟರೆ ಇವೆರಡರಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ನಾನು ಇಷ್ಟು ದಿನ ಹಿಗ್ಗಿದ್ದು ಹೆಸರಿಗೆ.

ಹಾಗಾದರೆ ರಾಗಿಯ ಬಗ್ಗೆ ಹೇಳುತ್ತಿರುವುದೂ ಪೊಳ್ಳೇ? ಅಲ್ಲ, ಇದನ್ನು ಜೋರಾಗಿ ಹೇಳಬೇಕು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಜೊತೆಯವರು ರಾಗಿಯ ಮೇಲೆ ಬಹಳ ವರ್ಷ ಕೆಲಸ ಮಾಡಿದರು. ರಾಗಿಯ ಪಾಲಿಫಿನಾಲ್‌ನಲ್ಲಿ ಹೆಚ್ಚಿನ ಪಾಲು ಇರುವುದು ಅದರ ಕೆಂಗಂದು ಸಿಪ್ಪೆಯಲ್ಲಿ. ಅಕ್ಕಿಯ ಹಾಗೆ ರಾಗಿಯನ್ನು ಪಾಲಿಶ್ ಮಾಡುವುದು ಸುಲಭವಲ್ಲ, ಸಿಪ್ಪೆ ಕಾಳಿಗೆ ಅಂಟಿಕೊಂಡಿರುತ್ತದೆ, ಒಳಗಿನದು ಹುಡಿಯಾಗುತ್ತದೆ. ಹಾಗಾಗಿ ನಾವು ತಲೆಮಾರುಗಳಿಂದ ಸಿಪ್ಪೆ ಸಮೇತ ಬೀಸಿಕೊಂಡು ತಿಂದೆವು. ಸಿಪ್ಪೆಯ ಪಾಲಿಫಿನಾಲ್‌ಗಳು ಪಿಷ್ಟ ಒಡೆಯುವ ಕಿಣ್ವಗಳನ್ನು ತಡೆಯುತ್ತವೆ ಎಂದು ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಅದರೊಂದಿಗೆ ನಾರಿದೆ, 100 ಗ್ರಾಮಿನಲ್ಲಿ 340 ಮಿಲಿಗ್ರಾಂ ಮೀರಿ ಸುಣ್ಣಾಂಶವಿದೆ. ಇಲ್ಲೂ ಗಂಟು ಇದೆ: ಅದೇ ಪಾಲಿಫಿನಾಲ್, ಅದರ ಜೊತೆ ಫೈಟೇಟ್, ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಲು ಬಿಡುವುದಿಲ್ಲ. ಮೊಳಕೆ ಕಟ್ಟಿಸಿ ಹುರಿದು ಬೀಸಿದರೆ ಅದು ಸಡಿಲವಾಗುತ್ತದೆ. ಮಗುವಿಗೆ ಮೊಳಕೆ ರಾಗಿಯ ಹಿಟ್ಟನ್ನು ಕಾಯಿಸಿ ಕುಡಿಸುವುದನ್ನು ನಮ್ಮ ಅಜ್ಜಿಗೆ ಯಾವ ಪ್ರಯೋಗಾಲಯವೂ ಹೇಳಿಕೊಟ್ಟಿರಲಿಲ್ಲ.

ಒಳ್ಳೆಯದು ಎಂಬುದು ರಾಗಿಯ ಅಣುವಿನಲ್ಲಿ ಕೂತಿಲ್ಲ. ಅದು ಮುದ್ದೆಯ ಜೊತೆ ಬರುವ ಸಾರಿನಲ್ಲಿದೆ, ಸಾರಿನ ಸೊಪ್ಪಿನಲ್ಲಿದೆ, ಸೊಪ್ಪಿಗೆ ಹಿಂಡಿದ ಹುಳಿಯಲ್ಲಿದೆ. ಗಿಡದ ಈ ವಸ್ತುಗಳಲ್ಲಿ ಬಹಳಷ್ಟು ನಮ್ಮ ರಕ್ತಕ್ಕೆ ಸೇರುವುದೇ ಸ್ವಲ್ಪ. ಉಳಿದದ್ದನ್ನು ಕರುಳಿನ ಸೂಕ್ಷ್ಮಜೀವಿಗಳು ಬೇರೆ ಬೇರೆಯಾಗಿ ಒಡೆಯುತ್ತವೆ. ರಕ್ತಕ್ಕೆ ಸೇರಿದ ಚೂರು ರ‍್ಯಾಡಿಕಲ್‌ಗಳನ್ನು ತಾನೇ ಹಿಡಿಯುವುದಕ್ಕಿಂತ ಹೆಚ್ಚಾಗಿ, ಜೀವಕೋಶವನ್ನು ಸ್ವಲ್ಪ ಕೆಣಕಿ ಅದರ ಸ್ವಂತ ರಕ್ಷಣೆಯ ಕಿಣ್ವಗಳನ್ನು ಎಬ್ಬಿಸುತ್ತದೆ ಎಂಬ ತಿಳಿವಳಿಕೆ ಈಚೆಗೆ ಬಲವಾಗುತ್ತಿದೆ. ಸಣ್ಣ ಪ್ರಮಾಣದಲ್ಲಿ, ಹತ್ತಾರು ಬಗೆಯಲ್ಲಿ, ದಿನದಿನವೂ. ದಿನಕ್ಕೆ 400 ಗ್ರಾಂ ತರಕಾರಿ ಹಣ್ಣು ತಿನ್ನಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ ಒಂದು ಅಣುವಿನ ಹೆಸರನ್ನೂ ಎತ್ತುವುದಿಲ್ಲ.

ಈ ಹತ್ತಾರು ಬಗೆ ನಮ್ಮಲ್ಲಿ ಇದ್ದದ್ದು ಬೆರಕೆ ಸೊಪ್ಪಿನಲ್ಲಿ. ರಾಗಿ ಮೊಣಕಾಲುದ್ದ ಬಂದಾಗ ಅವ್ವ ಮಡಿಲು ಕಟ್ಟಿಕೊಂಡು ಹೊಲಕ್ಕಿಳಿಯುತ್ತಿದ್ದಳು. ಅಣ್ಣೆ, ಕನ್ನೆ, ಗೋಣಿ, ಕೊಮ್ಮೆ, ಹೊನಗೊನ್ನೆ, ಗಣಿಕೆ, ಎಳೆಯ ಚಗಚೆ. ಯಾವುದನ್ನೂ ಬೇರು ಸಮೇತ ಕೀಳುತ್ತಿರಲಿಲ್ಲ, ಕುಡಿ ಮಾತ್ರ. ಕನ್ನೆ ಹೆಚ್ಚಾದರೆ ಲೋಳೆಯಾಗುತ್ತದೆ, ಗಣಿಕೆ ಹೆಚ್ಚಾದರೆ ಕಹಿ, ಅಣ್ಣೆ ಎಷ್ಟಿದ್ದರೂ ಸರಿ. ಮನೆಗೆ ಬಂದು ತೊಳೆದು ಅವರೆಕಾಳಿನ ಜೊತೆ ಬೇಯಿಸಿ ಬಸಿದು, ಬಸಿದ ಕಟ್ಟಿಗೆ ಹುಣಸೆಹಣ್ಣು, ಬೆಳ್ಳುಳ್ಳಿ, ಹುರಿದ ಕೆಂಪು ಮೆಣಸಿನಕಾಯಿ ರುಬ್ಬಿ ಹಾಕಿದರೆ ಬಸ್ಸಾರು. ಇದನ್ನು ಯಾರೂ ಬಿತ್ತುತ್ತಿರಲಿಲ್ಲ, ಯಾರೂ ಕೊಳ್ಳುತ್ತಿರಲಿಲ್ಲ. ಜಮೀನಿಲ್ಲದವರ ಮಡಿಲಿಗೂ ಅದೇ ಸೊಪ್ಪು ಬೀಳುತ್ತಿತ್ತು, ಬೇಡ ಎನ್ನುವವರಿರಲಿಲ್ಲ.

ಅಡಿಕೆ ತೋಟದ ನೆರಳಿನಲ್ಲಿ ಇವುಗಳಲ್ಲಿ ಒಂದೆರಡು ಬಿಟ್ಟರೆ ಉಳಿದವು ಬರುವುದಿಲ್ಲ. ಬಂದ ಒಂದೆರಡಕ್ಕೂ ಕಳೆನಾಶಕ ಬೀಳುತ್ತದೆ. ರಾಗಿ ಹೊಲ ಅಡಿಕೆಗೆ ಹೋದಾಗ ಹೋದದ್ದು ರಾಗಿ ಮಾತ್ರವಲ್ಲ, ಈ ಸೊಪ್ಪೂ ಹೋಯಿತು. ಮುದ್ದೆ ಚಿವುಟಿ ತಿನ್ನುತ್ತಿದ್ದ ಆ ಅತ್ತೆಯಂಥವರ ಮಡಿಲಿಗೆ ಬಿಟ್ಟಿಯಾಗಿ ಸಿಗುತ್ತಿದ್ದ ಒಳ್ಳೆಯದು ಹೋಯಿತು, ಕೂಲಿಯ ಜೊತೆಗೆ ಬಾಯಿಗೆ ಹಾಕಿಕೊಳ್ಳಲು ಅಡಿಕೆ ಬಂತು. ತೋಟ ವಿಸ್ತರಿಸಿದ ಮನೆಗಳಲ್ಲಿ ನಮ್ಮದೂ ಒಂದು. ತುಮಕೂರಿನ ಮನೆಯಲ್ಲಿ ನಾನು ಮಕ್ಕಳಿಗೆ ರಾಗಿ, ಸೊಪ್ಪು, ಕಾಲಕ್ಕೆ ಹಲಸು ಕೊಡುತ್ತೇನೆ, ಅಡಿಕೆಯನ್ನು ಬಾಗಿಲೊಳಗೆ ಬಿಡುವುದಿಲ್ಲ. ತೋಟದ ಫಸಲನ್ನು ಗುತ್ತಿಗೆಗೆ ಕೊಟ್ಟ ಚೇಣಿಯ ಪಾಲು ವರ್ಷವರ್ಷ ಖಾತೆಗೆ ಬರುತ್ತದೆ. ನಮ್ಮ ಮಕ್ಕಳ ಬಾಯಿಗೆ ಬೇಡವಾದದ್ದನ್ನು ಬೇರೆಯವರ ಮಕ್ಕಳ ಬಾಯಿಗೆ ಮಾರಿದ ಹಣ ಅದು. ಇದನ್ನು ಇಷ್ಟು ನೇರವಾಗಿ ನನಗೆ ನಾನೇ ಹೇಳಿಕೊಳ್ಳಲು ಇಷ್ಟು ವರ್ಷ ಬೇಕಾಯಿತು. ಆಂಟಿಆಕ್ಸಿಡೆಂಟ್ ಎಂಬ ಮಾತು ನನಗೆ ಅಷ್ಟು ಹಿತವಾಗಿದ್ದದ್ದು ಇದನ್ನು ಹೇಳಿಕೊಳ್ಳದೆ ಇರಲು ಅದು ಅವಕಾಶ ಕೊಡುತ್ತಿದ್ದುದರಿಂದ.

ಹೇಳಿಕೊಂಡ ಮಾತ್ರಕ್ಕೆ ತೋಟ ಕಡಿಯಲಾಗುವುದಿಲ್ಲ. ನನ್ನ ತಮ್ಮನ ಸಂಸಾರ ಅದರ ಮೇಲಿದೆ, ಸುಲಿಯುವವರ ಕೂಲಿ ಅದರ ಮೇಲಿದೆ. 2025-26ಕ್ಕೆ ಸರ್ಕಾರ ರಾಗಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಕೆಂಪಡಿಕೆಯ ಕ್ವಿಂಟಲು ಅದರ ಹತ್ತು ಪಟ್ಟಿನ ಆಸುಪಾಸಿನಲ್ಲಿ ಆಡುತ್ತದೆ. ಈ ಎರಡು ಅಂಕಿಗಳ ಮುಂದೆ ನನ್ನ ರಸಾಯನಶಾಸ್ತ್ರ ತಮ್ಮನಿಗೆ ಏನು ಹೇಳೀತು?

ನಮ್ಮಲ್ಲಿ ಇನ್ನೂ ರಾಗಿ ಬಿತ್ತುವುದು ಏರಿಯ ಮೇಲಿನ ಒಂದು ಹೊಲಕ್ಕೆ ಮಾತ್ರ. ಈ ಬೇಸಿಗೆಯಲ್ಲಿ ಅಲ್ಲಿಗೂ ಅಡಿಕೆ ಸಸಿ ತರಿಸುತ್ತೇನೆ ಎಂದ ತಮ್ಮ. ಬೇಡ ಕಣೋ, ಅದೊಂದಿರಲಿ ಎಂದೆ.

“ಅಲ್ಲ ಕಣಕ್ಕ, ರಾಗಿ ಕುಯ್ಯಕ್ಕೆ ಆಳೆಲ್ಲವ್ರೆ? ನೀನು ತುಮಕೂರಲ್ಲಿ ಕೂತ್ಕಂಡು ಸೊಪ್ಪು ಸೊಪ್ಪು ಅಂತೀಯ. ಬೆರಕೆ ಸೊಪ್ಪು ತಂದು ಸೋಸೋರು ನಮ್ಮನೇಲಿ ಯಾರವ್ರೆ?”

“ಅತ್ತೆ ಮನೆಯವರು ಬತ್ತಾರೆ. ಅವರ ಸೊಸೆ ಈಗಲೂ ಬತ್ತಾಳಂತೆ, ಅವ್ವ ಹೇಳಿದ್ಲು.”

“ಬಂದ್ರೆ ಬರ್ಲಿ. ಅದ್ರಿಂದ ನಂಗೇನು ಬತ್ತದೆ?”

ಅವನ ಪ್ರಶ್ನೆ ನ್ಯಾಯವಾದದ್ದು. ಆ ಹೊಲದ ರಾಗಿಯನ್ನು ನಾನೇ ಕೊಳ್ಳುತ್ತೇನೆ, ಅಡಿಕೆ ಹಾಕಿದ್ದರೆ ಬರಬಹುದಾಗಿದ್ದ ಹಣಕ್ಕೆ ಎಷ್ಟು ಕಡಿಮೆ ಬೀಳುತ್ತದೋ ಅದನ್ನು ಚೇಣಿಯಲ್ಲಿ ನನಗೆ ಬರುವ ಪಾಲಿನಲ್ಲಿ ಹಿಡಿದುಕೋ ಎಂದೆ. ಹೀಗೆ ಮಾಡಿದರೆ ಅಡಿಕೆಯ ಋಣ ತೀರುತ್ತದೆ ಎಂದು ನಾನು ನಂಬಿಲ್ಲ. ಆ ಹಣ ಎಲ್ಲಿಗಾದರೂ ಹೋಗುವುದಾದರೆ ಸೊಪ್ಪು ಬೆಳೆಯುವ ಕಡೆಗೆ ಹೋಗಲಿ ಎಂಬಷ್ಟೇ ಆಸೆ. ತಮ್ಮ ತಕ್ಷಣ ಒಪ್ಪಲಿಲ್ಲ. ಹೆಂಡತಿಯ ಜೊತೆ ಮಾತಾಡಿ, ಎರಡು ದಿನ ಬಿಟ್ಟು ಫೋನು ಮಾಡಿ, ಈ ಮುಂಗಾರಿಗೆ ರಾಗಿಯನ್ನೇ ಬಿತ್ತುತ್ತೇನೆ, ಅವರೆ ತೊಗರಿ ಅಕ್ಕಡಿಯನ್ನೂ ಹಾಕಿಸುತ್ತೇನೆ ಎಂದ. ಕಳೆನಾಶಕ ಹೊಡೆಯುವುದಿಲ್ಲ ಎಂಬ ಮಾತನ್ನು ನಾನು ಕೇಳಿ ಪಡೆದೆ. ಕಳೆ ಕೀಳುವ ಆಳಿನ ಕೂಲಿಯೂ ನನ್ನ ಲೆಕ್ಕಕ್ಕೇ ಎಂದು ಅವನು ಹೇಳಿದ, ಒಪ್ಪಿದೆ. ಬರುವ ವರ್ಷದ ಮಾತು ಇನ್ನೂ ಆಗಿಲ್ಲ.